ಬೆಂಚಿನ ಮೇಲೆ ಇಪ್ಪತ್ತು ನಿಮಿಷ

ಬೆಳಗಿನ ಐದೂವರೆ. ಯಶವಂತಪುರದ ಯಾರ್ಡಿನಿಂದ
ಈರುಳ್ಳಿ ಸಿಪ್ಪೆಯೊಂದು ಬನಿಯನ್ನಿಗೆ ಅಂಟಿಕೊಂಡೇ ಒಳಗೆ ಬಂತು,
ಅದರ ಹಿಂದೆ ಅವನು:
ಸೊಂಟ ಒಂದು ಕಡೆ, ಮನುಷ್ಯ ಇನ್ನೊಂದು ಕಡೆ.

"ಸಿಸ್ಟರ್, ಆ ಕಡಕ್ ಸೂಜಿ ಅದಲ್ರಿ, ಅದು ಹಾಕ್ರಿ.
ಲಾರಿ ನಿಂತದ."

ಹೆಸರು? ಯಲ್ಲಾಲಿಂಗ. ಶಹಾಪುರದ ಕಡೆಯವನು.
ವಯಸ್ಸನ್ನು ಮೂಟೆಯ ಲೆಕ್ಕದಲ್ಲಿ ಹೇಳಿದ:
"ಐವತ್ತು ಕೇಜಿದು ಎತ್ತಾಕ ಹತ್ತಿ ಇಪ್ಪತ್ತೆರಡು ವರ್ಷ."

ಡಾಕ್ಟರು ಚೀಟಿ ಬರೆದಿದ್ದಾರೆ, ಹೌದು.
ಆದರೆ ಚೀಟಿಗೆ ಹೊಟ್ಟೆಯಿಲ್ಲ, ಕಿಡ್ನಿಯಿಲ್ಲ.
ಇವನಿಗಿದೆ.

ಕಿರುಬೆರಳಿನಷ್ಟು ಗಾಜು. ಒಳಗೆ ಇಬ್ಬರು:
ಬಾವು ಇಳಿಸುವವನೊಬ್ಬ,
ಬಿಗಿದ ಸ್ನಾಯುವಿನ ಗಂಟು ಬಿಚ್ಚುವವನೊಬ್ಬ.
ಒಂದೇ ಮನೆಗೆ ಇಬ್ಬರು ಬಾಡಿಗೆಗೆ ಬಂದರೆ
ಇಬ್ಬರ ಗುರುತಿನ ಚೀಟಿಯನ್ನೂ ನೋಡಬೇಕಲ್ಲ,
ಈ ಊರಿನಲ್ಲಿ ಯಾವ ಓನರ್ ಕೇಳಿದರೂ ಹೇಳುತ್ತಾನೆ.

ಹೊಟ್ಟೆಯಲ್ಲಿ ಹುಣ್ಣು? ಇಲ್ರಿ.
ಮಲ ಕಪ್ಪಗೆ ಹೋಗಿದ್ದು? ಇಲ್ರಿ.
ಉಬ್ಬಸ? ಪಾದ ಊದೋದು? ಎದೆನೋವು?
ಯಾವುದಾದರೂ ಮಾತ್ರೆಗೆ ಮೈ ದದ್ದೆದ್ದಿದ್ದು?
ಇಲ್ರಿ ಇಲ್ರಿ. ನನ್ನ ಪ್ರಶ್ನೆ ಇನ್ನೂ ಚಪ್ಪಲಿ ಹಾಕಿಕೊಳ್ಳುತ್ತಿದೆ,
ಅವನ ಉತ್ತರ ಆಗಲೇ ಗೇಟಿನ ಹೊರಗೆ.

ನಿನ್ನೆಯಿಂದ ಏನು ನುಂಗಿದ್ದೀಯ?
"ಏನಿಲ್ರಿ… ಮೇಸ್ತ್ರಿ ಕೊಟ್ಟ ಗುಳಿಗಿ."
ತೋರಿಸು.
ಬೀಡಿ ಕಟ್ಟಿನ ಹಿಂದಿನಿಂದ ಪಟ್ಟಿ ಹೊರಬಂತು.
ಒಡೆದ ಗುಳಿಗಳು ನಾಲ್ಕು. ರಾತ್ರಿ ಎರಡು, ಮೂರು ಗಂಟೆಗೆ ಎರಡು.
ಹೊರಗಿನ ಹೆಸರು ಬೇರೆ. ಬೆನ್ನು ತಿರುಗಿಸಿ ಸಣ್ಣಕ್ಷರ ಓದಿದೆ:
ಬಾವು ಇಳಿಸುವವನೇ ಅವನು, ಆಗಲೇ ಒಳಗಿದ್ದಾನೆ,
ನಾಲ್ಕು ಸಲ ಕದ ತಟ್ಟಿ, ಖಾಲಿ ಹೊಟ್ಟೆಯಲ್ಲಿ.

ಹನ್ನೊಂದು ವರ್ಷದ ಕೆಳಗೆ ನಾನೂ ಅವಸರದವಳು.
ಅಗರಬತ್ತಿ ಹೊಸೆಯುವ ಶಾಹತಾಜ್. ಭುಜದ ನೋವು.
ಬಸ್ಸಿಗೆ ಹೊತ್ತಾಯಿತು ಎಂದಳು,
ಹತ್ತಿಯನ್ನು ಒತ್ತಿ ಹಿಡಿದುಕೋ, ಹೊರಡು ಎಂದೆ.
ಸ್ಟಾಪಿನಲ್ಲಿ ತುಟಿ ಊದಿತು, ಕುತ್ತಿಗೆ ತುಂಬ ದದ್ದು,
ಉಸಿರು ಸೀಟಿ ಊದಿತು.
ಅವಳನ್ನು ಎತ್ತಿಕೊಂಡು ಬಂದವನು ಕಂಡಕ್ಟರ್.
ಬದುಕಿದಳು. ದೀಪಾವಳಿಗೊಮ್ಮೆ ಈಗಲೂ
ಒಂದು ಕಟ್ಟು ಊದುಬತ್ತಿ ಕಳಿಸುತ್ತಾಳೆ.
ನಾನು ಹಚ್ಚುವುದಿಲ್ಲ.

ಚುಚ್ಚಲಿಲ್ಲ. ಡಾಕ್ಟರ ಬಳಿ ಮರಳಿ ಕಳಿಸಿದೆ,
ಹಳೆಯ ಚೀಟಿ ಹೊಡೆದುಹಾಕಿ ಹೊಸದು ಬರೆದರು:
ರಕ್ತಪರೀಕ್ಷೆ, ಬಿಸಿನೀರಿನ ಚೀಲ, ಮೂಟೆ ಬೇಡ.
"ಇವತ್ತಿನ ಕೂಲಿ ನೀವು ಕೊಡ್ತೀರೇನ್ರಿ?"
ಹೊರಗೆ ಲಾರಿ ಎರಡು ಸಲ ಕೂಗಿ
ಇನ್ಯಾರದೋ ಬೆನ್ನು ಹುಡುಕಿಕೊಂಡಿತು.

ಮುರಿಯದ ಆಂಪೂಲನ್ನು ಟ್ರೇಗಿಟ್ಟು
ಪುಸ್ತಕದಲ್ಲಿ ಬರೆದೆ: ಒಂದು, ಬಳಸಿಲ್ಲ.

ಗುರುವಾರ ಮತ್ತೆ ಬಂದ.
ನಾನು ಬಾಯಿ ತೆರೆಯುವ ಮೊದಲೇ ಮೇಜಿನ ಮೇಲೆ ಇಟ್ಟ:
ಅದೇ ಪಟ್ಟಿ, ಉಳಿದ ಆರು ಹಾಗೇ,
ರಕ್ತದ ರಿಪೋರ್ಟು ನಾಲ್ಕು ಮಡಿಕೆಯಲ್ಲಿ,
ಉಪ್ಪಿಟ್ಟು ತಿಂದೇ ಬಂದೀನ್ರಿ ಎಂಬ ಮಾತು.
ನಡುವಿನ ದಿನಗಳ ಕೂಲಿ ಯಾರು ಕೊಟ್ಟರೋ
ನಾನು ಕೇಳಲಿಲ್ಲ.
ಅದು ನನ್ನ ಪ್ರಶ್ನೆಗಳ ಪಟ್ಟಿಯಲ್ಲಿಲ್ಲ.

ಡಾಕ್ಟರು ರಿಪೋರ್ಟು ನೋಡಿ ಒಂದೇ ಒಂದು ಎಂದರು.
ತಾರೀಖು ಓದಿದೆ, ಬೆಳಕಿಗೆ ಹಿಡಿದೆ, ತಿಳಿಯಾಗಿದೆ.
ಗಾಜಿನ ಕತ್ತು ಟಿಕ್ ಎಂದಿತು. ಹೊಸ ಸೂಜಿ.
ಪಿರ್ರೆಯ ಮೇಲ್ಭಾಗ, ಹೊರಮೂಲೆ, ನರದಿಂದ ದೂರ.
ಒಂದಿಷ್ಟು ಹಿಂದಕ್ಕೆಳೆದು ನೋಡಿದೆ: ರಕ್ತವಿಲ್ಲ.
ಆಮೇಲೆ ನಿಧಾನ, ನಿಧಾನ,
ಯಾರೋ ಅವಸರಪಡಿಸುತ್ತಿದ್ದಾರೆ ಎಂಬಷ್ಟು ನಿಧಾನ.

"ಇದೇ ದಿನಾ ಸಿಕ್ರ ಛಲೋ ಇತ್ತು."
ಸಿಗಲ್ಲ.
"ಗೊತ್ತದ."

ಅಂಗಿ ಸರಿಮಾಡಿಕೊಂಡು ತಾನೇ ಹೋಗಿ ಬೆಂಚಿನಲ್ಲಿ ಕೂತ,
ಗೋಡೆ ಗಡಿಯಾರದ ಎದುರಿಗೆ,
ಎರಡೂ ಕೈ ತೊಡೆಯ ಮೇಲೆ.
ಬಾಗಿಲಲ್ಲಿ ಹಾರ್ನ್ ಕೇಳಿತು.
ತಲೆಯೆತ್ತದೆ ಗೊಣಗಿದ:
"ತಡಿಯಲೇ, ಇನ್ನೂ ಹನ್ನೆರಡು ಮಿನಿಟದ."